ಅಸಲಿ ನಕಲಿ ಮಧ್ಯೆ ನನ್ನ ಅಂಗಡಿ

ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಲೈಸೆನ್ಸ್ ಇಲ್ಲದ ಸಾಫ್ಟ್‌ವೇರ್ ಹಾಕ್ಕೊಳ್ಳೋರು ಇರೋವರೆಗೂ ಕಂಪ್ಯೂಟರೂ ಸುಮ್ಮನಿರಲ್ಲ, ನನ್ನ ತಲೆಯೂ ನೆಟ್ಟಗಿರಲ್ಲ. ಕೆಲವು ಸಲ ಹಾಕಿಕೊಟ್ಟವನು ನಾನೇ. ಅದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಬಲಿಪಶು

ಕೆಂಗೇರಿ ಕಡೆಯ ಕಾಲೇಜಿನ ಮೇಷ್ಟ್ರೊಬ್ಬರು ವೃತ್ತಿಯಲ್ಲಿ ಪ್ರಾಮಾಣಿಕತೆ ಅನ್ನೋ ಪಾಠ ಮಾಡ್ತಿದ್ರಂತೆ. ಗೋಡೆ ಮೇಲಿನ ದೊಡ್ಡ ಪರದೆಯಲ್ಲಿ ಪಾಠ ಮಾಯವಾಗಿ, ‘ನೀವು ನಕಲಿ ಸಾಫ್ಟ್‌ವೇರಿಗೆ ಬಲಿಪಶು ಆಗಿರಬಹುದು’ ಅಂತ ಇಂಗ್ಲಿಷಿನಲ್ಲಿ ಬಂತು. ಇಡೀ ಕ್ಲಾಸು ಚಪ್ಪಾಳೆ ಹೊಡೀತು. ಮೇಷ್ಟ್ರು ಲ್ಯಾಪ್‌ಟಾಪ್ ಹಿಡಿದು ಸೀದಾ ನನ್ನ ಅಂಗಡಿಗೆ ಬಂದ್ರು.

“ಯಾರ್ರೀ ನನ್ನ ಬಲಿ ಕೊಟ್ಟಿರೋದು?”

“ಸಾರ್, ಈ ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಹಾಕಿದ್ಯಾರು?”

“ನಾನೇ.”

“ಹಾಗಾದ್ರೆ ತಪ್ಪು ನಿಮ್ಮದೇ ಅಲ್ವಾ?”

“ಬಲಿಪಶು ಅಂತ ಅದೇ ಹೇಳ್ತಿದೆಯಲ್ರೀ! ಬಲಿಪಶುದೇನ್ರೀ ತಪ್ಪು?”

ಆ ಸಾಫ್ಟ್‌ವೇರ್ ಕಂಪನಿ ಮೇಲೆ ಕೇಸು ಹಾಕೇ ಹಾಕ್ತೀನಿ ಅಂತ ನನ್ನನ್ನೂ ಎಳೆದುಕೊಂಡು ಆರ್‌ಪಿಸಿ ಲೇಔಟಿನ ವಕೀಲರೊಬ್ಬರ ಹತ್ರ ಹೋದ್ರು. ವಕೀಲರು ಎಲ್ಲಾ ಗಂಭೀರವಾಗಿ ಕೇಳಿ, ನೋಟಿಸು ಟೈಪ್ ಮಾಡೋಕೆ ಕಂಪ್ಯೂಟರ್ ಆನ್ ಮಾಡಿದ್ರು. ಅಲ್ಲೂ ಅದೇ ಸಾಲು ಬಂತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕ್ಕೊಂಡು ಓದಿದ್ರು.

“ಸಾರ್, ಬೇರೆ ವಕೀಲರನ್ನ ನೋಡೋಣ. ನಾನೂ ನಿಮ್ಮ ಜೊತೆ ಬರ್ತೀನಿ, ಕಕ್ಷಿದಾರನಾಗಿ.”

ಪೆನ್ಸಿಲ್ಲು

ರಾಜಾಜಿನಗರದಲ್ಲಿ ಮಷಿನ್ ಬಿಡಿಭಾಗಗಳ ನಕ್ಷೆ ಬರೆದುಕೊಡೋ ಆಫೀಸು. ನಾಲ್ಕು ಜನ, ನಾಲ್ಕು ಕಂಪ್ಯೂಟರು, ಲೈಸೆನ್ಸು ಒಂದಕ್ಕೂ ಇಲ್ಲ. ಸಾಫ್ಟ್‌ವೇರ್ ಕಂಪನಿಯವರು ಚೆಕಿಂಗ್‌ಗೆ ಬರ್ತಾರೆ ಅಂತ ಸುದ್ದಿ ಎದ್ದಿತ್ತು. ಒಂದು ಬೆಳಿಗ್ಗೆ ನಾನು ಅಲ್ಲಿ ಕೀಬೋರ್ಡ್ ಬದಲಾಯಿಸ್ತಿದ್ದಾಗ, ಇನ್‌ಶರ್ಟ್ ಮಾಡಿದ ಒಬ್ಬರು ಫೈಲು ಹಿಡಿದು ಮೆಟ್ಟಿಲು ಹತ್ತೋದು ಕಾಣಿಸ್ತು.

“ಆಫ್ ಮಾಡ್ರೋ ಎಲ್ಲಾನೂ!” ಅಂದ್ರು ಮಾಲೀಕರು. ಕಂಪ್ಯೂಟರೆಲ್ಲಾ ಮೇಜಿನ ಕೆಳಗೆ ಹೋದವು. ಎಲ್ಲರ ಕೈಗೂ ಪೆನ್ಸಿಲ್ಲು, ಸ್ಕೇಲು ಬಂತು, ನನ್ನ ಕೈಗೂ.

ಬಂದವರು ಸುತ್ತ ನೋಡಿ, “ಏನ್ಸಾರ್, ಕಂಪ್ಯೂಟರೇ ಇಲ್ವಾ?” ಅಂದ್ರು.

“ಮೊದಲಿಂದಲೂ ನಮ್ಮದು ಕೈಕೆಲಸಾನೇ ಸಾರ್.”

ಆ ಮನುಷ್ಯನ ಮುಖ ಅರಳಿತು. “ನಮ್ಮ ಯಜಮಾನ್ರು ಕೈಯಲ್ಲಿ ಬರೆಯೋರನ್ನೇ ಊರೆಲ್ಲಾ ಹುಡುಕ್ತಿದಾರೆ!” ಅಂತ ಫೈಲು ಬಿಚ್ಚಿ, ಒಂದು ವರ್ಷದ ಕೆಲಸ ಮೇಜಿನ ಮೇಲಿಟ್ಟು ಹೋದ್ರು.

ಮುಂದಿನ ವಾರ ನಾನು ಹೋದಾಗ ಮಾಲೀಕರು ರಬ್ಬರಿನಲ್ಲಿ ಕಾಗದ ತೂತು ಮಾಡಿಕೊಂಡು ಕೂತಿದ್ರು. “ಗುರು,” ಅಂದ್ರು, “ಇದರಲ್ಲಿ ಅನ್‌ಡೂ ಎಲ್ಲಿರುತ್ತೆ?”

ಲಗ್ನಪತ್ರಿಕೆ

ಈ ಮದುವೆ ಕೊನೆಗೆ ಆಯ್ತು, ನಾನೂ ಊಟ ಮಾಡಿ ಬಂದೆ. ಅದಕ್ಕೇ ಹೇಳೋಕೆ ಧೈರ್ಯ.

ಮಹಾಲಕ್ಷ್ಮಿ ಲೇಔಟಿನ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಅಚ್ಚಾಗಿತ್ತು. ಅವರ ಡಿಸೈನ್ ಸಾಫ್ಟ್‌ವೇರ್ ಲೈಸೆನ್ಸ್ ಇಲ್ಲದ್ದು, ಹಾಕಿದ್ದು ನಾನು. ಅದು ಸೇಡು ತೀರಿಸಿಕೊಂಡು, ಪ್ರತಿ ಪತ್ರಿಕೆಯಲ್ಲೂ ಹುಡುಗಿ ಹೆಸರಿನ ಪಕ್ಕದಲ್ಲಿ ತೆಳ್ಳಗೆ ‘ಅನ್‌ರಿಜಿಸ್ಟರ್ಡ್’ ಅಂತ ಇಂಗ್ಲಿಷಿನಲ್ಲಿ ಮುದ್ರೆ ಹೊಡೆದಿತ್ತು. ಪ್ರೆಸ್ಸಿನವರೂ ನೋಡಲಿಲ್ಲ, ಹುಡುಗಿ ಮನೆಯವರೂ ನೋಡಲಿಲ್ಲ. ಅರ್ಧ ಊರಿಗೆ ಹಂಚಿದ ಮೇಲೆ ಹುಡುಗನ ದೊಡ್ಡಪ್ಪ ನೋಡಿದ್ರು.

ಎರಡೂ ಮನೆಯವರು ಪ್ರೆಸ್ಸಿಗೆ ನುಗ್ಗಿದ್ರು. ಪ್ರೆಸ್ಸಿನವರು ಎಲ್ಲರನ್ನೂ ನನ್ನ ಅಂಗಡಿಗೆ ಕರ್ಕೊಂಡು ಬಂದ್ರು.

“ರಿಜಿಸ್ಟರ್ ಆಗಿಲ್ಲ ಅಂತ ಪತ್ರಿಕೇಲಿ ಯಾಕ್ರೀ ಹಾಕಿಸಿದ್ರಿ?” ದೊಡ್ಡಪ್ಪ ಕೂಗ್ತಿದ್ರು. “ಹಿಂದೆ ಎಲ್ಲಾದ್ರೂ ಮದುವೆ ರಿಜಿಸ್ಟರ್ ಆಗಿತ್ತಾ? ಸಂಬಂಧಾನೇ ಬೇಡ!”

ಹುಡುಗಿಯ ಅಪ್ಪ ಬೆವರು ಒರೆಸಿಕೊಳ್ತಿದ್ರು. ಅವರ ಮುಖ ನೋಡಿ ನಾನು ಕೈ ಮುಗಿದೆ.

“ತಪ್ಪು ನಂದು. ಅದು ಹುಡುಗಿ ವಿಷ್ಯ ಅಲ್ಲ ಸಾರ್. ರಿಜಿಸ್ಟರ್ ಆಗದೆ ಇರೋದು ಸಾಫ್ಟ್‌ವೇರು.”

ಅಷ್ಟು ಹೊತ್ತು ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ಎದ್ದು, ದೊಡ್ಡಪ್ಪನ ಮುಂದೆ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತ್ರು.

“ಕೇಳಿಸ್ತಾ? ನಮ್ಮ ಹುಡುಗಿ ಟೀಚರು. ಸಾಫ್ಟ್‌ವೇರು ನಿಮ್ಮ ಹುಡುಗ! ಎಲ್ಲಿ, ಅವನ ರಿಜಿಸ್ಟರ್ ಕಾಗದ ತೋರಿಸಿ!”