ಕಳ್ಳನಿಗೂ ಬಿಚ್ಚಲಾಗದ ಯೂನಿಯನ್

ತುಕಿನಾ: ಮನೆ ದೋಚಿಕೊಂಡು ಹೋಗಿದಾರೆ, ನೀವು ನೋಡಿದ್ರೆ ನಗ್ತಾ ನಿಂತಿದೀರಲ್ಲ ಪಾಕ್.

ಕಾರ್ಸೊನೊ: ನಗ್ತಿಲ್ಲ ಬೂ. ಗಮನಿಸ್ತಿದೀನಿ. ನೋಡಿಲ್ಲಿ, ಪೈಪಿನ ಮೇಲೆ ಒಂದು ಗೀರಿಲ್ಲ. ಸ್ಪ್ಯಾನರ್ ಮುಟ್ಟಿಸೇ ಇಲ್ಲ. ಬರೀ ಕೈಯಲ್ಲಿ ಬಿಚ್ಚಿದಾನೆ.

ತುಕಿನಾ: ಹಾಗಂತ ಅವನಿಗೊಂದು ಶಾಲು ಹೊದಿಸ್ಬೇಕಾ?

ಕಾರ್ಸೊನೊ: ಶಾಲು ಅವನಿಗ್ಯಾಕೆ? ಗ್ರೀಸ್ ಹಚ್ಚಿದ್ದು ನಾನು.

ಕೆದಿರಿ ಊರಿನ ನಮ್ಮ ಓಣಿಯಲ್ಲಿ ಬೆಳಗಾಗುವುದು ಇವರ ಹಿತ್ತಲಿನ ಹಬೆಯ ವಾಸನೆಯಿಂದ. ತುಕಿನಾ ಸೋಯಾ ಹಾಲು ಕಾಯಿಸಿ, ಒಡೆದು, ಪನೀರಿನಂಥ ತಾಹು ಮಾಡುತ್ತಾಳೆ. ಗಂಡ ಕಾರ್ಸೊನೊ ಸಕ್ಕರೆ ಕಾರ್ಖಾನೆಯಲ್ಲಿ ಪೈಪ್ ಕೆಲಸ ಮಾಡಿ ನಿವೃತ್ತನಾದವನು. ನಮ್ಮಲ್ಲಿ ಗಂಡಸರನ್ನು ಪಾಕ್ ಅಥವಾ ಮಾಸ್ ಎಂದೂ ಹೆಂಗಸರನ್ನು ಬೂ ಎಂದೂ ಕರೆಯುತ್ತಾರೆ, ಗಂಡ ಹೆಂಡಿರೂ ಹಾಗೇ. ಬಾಯ್ಲರಿನಿಂದ ಹಂಡೆಗಳಿಗೆ ಹಬೆ ಒಯ್ಯುವ ಕೊಳವೆ ಅವನೇ ಹಾಕಿದ್ದು, ತಿರುವಿನಲ್ಲೆಲ್ಲ ಹಿತ್ತಾಳೆಯ ಜೋಡಣೆ. ಆ ಬೆಳಿಗ್ಗೆ ತುಕಿನಾ ಎದ್ದು ನೋಡಿದರೆ ಕೊಳವೆಗಳು ನೆಲದ ಮೇಲೆ ಸಾಲಾಗಿ ಮಲಗಿದ್ದವು, ಹಿತ್ತಾಳೆ ಮಾತ್ರ ಮಾಯ. ನೆನೆಹಾಕಿದ ಕಾಳು ಆಗಲೇ ಉಬ್ಬಿತ್ತು. ಬೇಗ ರುಬ್ಬಿ ಕಾಯಿಸದಿದ್ದರೆ ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ಅದೂ ಆ ದಿನ ಓಣಿಯ ಮದುವೆಮನೆಗೆ ತಾಹು ಕೊಡುವುದಾಗಿ ಅವಳು ಮಾತು ಕೊಟ್ಟಿದ್ದಳು.

ತುಕಿನಾ: ಪ್ರತಿ ಶುಕ್ರವಾರ ಮಸೀದಿಗೆ ಹೋಗೋ ಮುಂಚೆ ಒಂದೊಂದನ್ನೂ ಬಿಚ್ಚೋದು, ಒರೆಸೋದು, ಗ್ರೀಸ್ ಹಚ್ಚೋದು. ಮೂವತ್ತು ವರ್ಷದಿಂದ ನನ್ನ ಮೊಣಕಾಲು ನೋಯ್ತಿದೆ. ಒಂದು ದಿನ ಎಣ್ಣೆ ಹಚ್ಚಿದೀರಾ?

ಕಾರ್ಸೊನೊ: ನಿನ್ನ ಮೊಣಕಾಲು ಹಿತ್ತಾಳೇದಲ್ಲ ಬೂ. ಹಿತ್ತಾಳೆ ಕಾದು ಕಾದು ತಣ್ಣಗಾಗ್ತಿದ್ರೆ ಥ್ರೆಡ್ಡಿಗೆ ಥ್ರೆಡ್ಡೇ ಕಚ್ಕೊಂಡು ಬಿಡತ್ತೆ. ಆಮೇಲೆ ಗರಗಸ ತಂದು ಕುಯ್ಬೇಕು.

ತುಕಿನಾ: ಕಚ್ಕೊಂಡಿದ್ರೆ ಇವತ್ತು ಇಲ್ಲೇ ಇರ್ತಿತ್ತು.

ಕಾರ್ಸೊನೊ ತಪ್ಪಿಸಿಕೊಳ್ಳಲು ಬಾಯ್ಲರಿನ ಹಿಂದೆ ಹೋದ. ಹೋದವನು ಅಲ್ಲೇ ಕುಕ್ಕರಿಸಿದ. ಬಾಯ್ಲರಿನ ಬಾಯಲ್ಲಿ, ಗೋಡೆಯ ಸಂದಿಯಲ್ಲಿ, ಎರಡು ಕೊಳವೆ ಕೂಡಿಸುವ ದಪ್ಪ ಯೂನಿಯನ್ ಹಾಗೇ ಇತ್ತು. ಅದರ ಮೈತುಂಬ ಸ್ಪ್ಯಾನರಿನ ಗಾಯ.

ತುಕಿನಾ: ಸದ್ಯ, ಒಂದಾದ್ರೂ ಉಳೀತು.

ಕಾರ್ಸೊನೊ ಸ್ಪ್ಯಾನರ್ ತಂದು ಎಡಕ್ಕೆ ಎಳೆದ. ಕಾಲು ಕೊಟ್ಟು ಎಳೆದ. ಯೂನಿಯನ್ ಅಲುಗಲಿಲ್ಲ. ಅವನ ಮುಖದ ಬಣ್ಣ ಹೋಯಿತು.

ಕಾರ್ಸೊನೊ: ಮರ್ಯಾದೆ ಹೋಯ್ತು ಬೂ.

ತುಕಿನಾ: ಹೋಗಿದ್ದು ಹಿತ್ತಾಳೆ.

ಕಾರ್ಸೊನೊ: ಕಳ್ಳನ ಕೈಗೆ ಬರಲಿಲ್ಲ ಇದು. ನನ್ನ ಬಗ್ಗೆ ಅವನು ಏನಂದ್ಕೊಂಡಿರ್ತಾನೆ? ಕೈಗೆ ಸುಲಭವಾಗಿ ಸಿಗೋದಕ್ಕೆಲ್ಲ ಗ್ರೀಸ್ ಹಚ್ಚಿದಾನೆ, ಸಂದೀಲಿರೋದನ್ನ ಬಿಟ್ಟಿದಾನೆ ಮುದುಕ, ಅಂತ ಅಂದ್ಕೊಳ್ಳಲ್ವಾ?

ತುಕಿನಾ: ಅಂದ್ಕೊಂಡು ಅಳ್ತಾ ಕೂತಿರ್ತಾನೆ, ಪಾಪ.

ಅಷ್ಟರಲ್ಲಿ ಓಣಿಯ ಮುಖಂಡ ಮುರ್ಸಿದ್ ಲುಂಗಿ ಸರಿಪಡಿಸಿಕೊಳ್ಳುತ್ತ ಹಿತ್ತಲಿಗೆ ಬಂದ. ಮುರ್ಸಿದ್‌ಗೆ ಒಂದು ಕಿವಿ ಮಂದ. ಇನ್ನೊಂದು ಕಿವಿ ಚೆನ್ನಾಗಿದೆ, ಆದರೆ ಅದು ತಾಳ್ಮೆಯಿಲ್ಲದ್ದು.

ಮುರ್ಸಿದ್: ಏನಾಯ್ತು ಮಾಸ್ ಕಾರ್ಸೊನೊ?

ಕಾರ್ಸೊನೊ: ಕಚ್ಕೊಂಡ್ಬಿಟ್ಟಿದೆ ಪಾಕ್ ಮುರ್ಸಿದ್.

ಮುರ್ಸಿದ್: ಅಯ್ಯೋ, ಯಾರಿಗೆ ಕಚ್ಚಿದ್ದು? ಆ ಕೆಂದ ನಾಯೀನಾ? ಕಟ್ಟಿಹಾಕಿ ಅಂತ ಹೇಳ್ತಾನೇ ಇದೀನಿ.

ಕಾರ್ಸೊನೊ: ನಾಯಿ ಅಲ್ಲ. ಯೂನಿಯನ್ನು.

ಮುರ್ಸಿದ್: ಕಾರ್ಖಾನೆ ಯೂನಿಯನ್ನವರಾ? ನೀನು ಬಿಟ್ಟು ಇಷ್ಟು ವರ್ಷ ಆದ್ಮೇಲೆ ಬಂದು ಕಚ್ತಾರಾ? ಎಂಥಾ ಜನ.

ತುಕಿನಾ: ಕಳ್ಳತನ ಆಗಿದೆ ಪಾಕ್. ಹಬೆ ಪೈಪಿನ ಹಿತ್ತಾಳೆ ಎಲ್ಲ ಹೋಗಿದೆ.

ಮುರ್ಸಿದ್: ಹಾಗೆ ಬಿಡಿಸಿ ಹೇಳಿ. ಏನೇನು ಹೋಗಿದೆ?

ಕಾರ್ಸೊನೊ: ಹೋಗಿರೋದಿರ್ಲಿ. ಹೋಗದೇ ಇರೋದನ್ನ ಮೊದಲು ನೋಡಿ.

ಮುರ್ಸಿದ್: ಹೋಗದೇ ಇರೋದರ ಮೇಲೆ ದೂರು ಕೊಟ್ಟೋರನ್ನ ನಾನು ನೋಡಿಲ್ಲಪ್ಪ. ಇವು ಕೈಯಲ್ಲೇ ಬರ್ತವೆ ಅಂತ ಯಾರ್ಯಾರಿಗೆ ಗೊತ್ತಿತ್ತು?

ತುಕಿನಾ: ಕಾಫಿ ಅಂಗಡೀಲಿ ಕೂತೋರಿಗೆಲ್ಲ ಗೊತ್ತು. ಎರಡು ಬೆರಳಲ್ಲಿ ಬಿಚ್ತೀನಿ ಅಂತ ಇವರು ಬಾಟಲಿ ಮುಚ್ಚಳ ಹಿಡಿದು ಆಡಿ ತೋರಿಸಿದಾರೆ. ಮನೆಗೆ ದಾರಿ ಒಂದು ಬರೆದು ಕೊಟ್ಟಿಲ್ಲ, ಅಷ್ಟೆ.

ಮುರ್ಸಿದ್ ಮೂಗು ಕೆರೆದುಕೊಂಡು ನೆಲದ ಮೇಲಿನ ಕೊಳವೆಯ ತುದಿ ಮುಟ್ಟಿದ. ಬೆರಳು ಕಪ್ಪಾಯಿತು. ಲುಂಗಿಗೆ ಒರೆಸಿದ. ಲುಂಗಿಯೂ ಕಪ್ಪಾಯಿತು.

ಮುರ್ಸಿದ್: ಇದೇನಿದು, ಹೋಗೋದೇ ಇಲ್ವಲ್ಲ?

ಕಾರ್ಸೊನೊ: ಹೋಗಬಾರದು ಅಂತಲೇ ಹಚ್ಚೋದು. ಗ್ರಾಫೈಟ್ ಬೆರೆಸಿದ ಗ್ರೀಸು. ಹಬೆಗೂ ಜಗ್ಗಲ್ಲ.

ಮುರ್ಸಿದ್: ತಡಿ ತಡಿ. ಬೆಳಗಿನ ನಮಾಜಿಗೆ ಕೈಕಾಲು ತೊಳೀವಾಗ ಲಾಮಿದಿ ನನ್ನ ಪಕ್ಕದಲ್ಲೇ ನಿಂತಿದ್ದ. ಅವನು ತೊಳೀತಾನೇ ಇದ್ದ, ಕೈ ಕಪ್ಪಾಗೇ ಇತ್ತು. ಇವತ್ತೇನು ಇಷ್ಟೊಂದು ಭಕ್ತಿ ಅಂತ ಅಂದ್ಕೊಂಡೆ ನಾನು.

ಲಾಮಿದಿ ಮೂರು ಗಾಲಿಯ ಬೆಚಾ ತುಳಿಯುವವನು. ಇವರ ಮನೆಯ ತಾಹುವನ್ನು ಸಂತೆಗೆ ಒಯ್ಯುವವನೂ ಅವನೇ. ಅವನನ್ನು ಕರೆತರುವುದು ಮುರ್ಸಿದ್‌ಗೆ ಕಷ್ಟವಾಗಲಿಲ್ಲ. ಗುಜರಿ ಅಂಗಡಿಯ ಬಾಗಿಲು ತೆಗೆಯುವುದನ್ನೇ ಕಾಯುತ್ತ ಅವನು ಹಿತ್ತಾಳೆಯ ಮೂಟೆಯನ್ನು ಬೆಚಾದಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ನಿದ್ದೆ ಹೋಗಿದ್ದನಂತೆ. ಈಗ ಮೂಟೆ ಹೊತ್ತು ಹಿತ್ತಲಲ್ಲಿ ತಲೆ ತಗ್ಗಿಸಿ ನಿಂತ.

ತುಕಿನಾ: ನನ್ನ ಮನೇಲಿ ಉಂಡೋನು ನೀನು. ಹೇಗೆ ಮನಸ್ಸು ಬಂತೋ?

ಲಾಮಿದಿ: ಬೆಚಾ ಟೈರು ಸವೆದು ಹೋಗಿತ್ತು ಬೂ. ಕೇಳೋಕೆ ನಾಚಿಕೆ ಆಯ್ತು.

ತುಕಿನಾ: ಕದಿಯೋಕೆ ನಾಚಿಕೆ ಆಗ್ಲಿಲ್ವಾ?

ಲಾಮಿದಿ: ಕತ್ತಲಲ್ಲಿ ಅಷ್ಟಾಗಿ ಆಗಲ್ಲ ಬೂ.

ಕಾರ್ಸೊನೊ ಇಬ್ಬರ ಮಧ್ಯೆ ಬಂದು ಲಾಮಿದಿಯ ತೋಳು ಹಿಡಿದ. ಹೊಡೆಯುತ್ತಾನೆಂದು ಮುರ್ಸಿದ್ ಅಡ್ಡ ಬಂದ.

ಕಾರ್ಸೊನೊ: ನಿಜ ಹೇಳು. ಬಾಯ್ಲರ್ ಹಿಂದಿನ ಯೂನಿಯನ್ ಯಾಕೆ ಬರಲಿಲ್ಲ?

ಲಾಮಿದಿ: ಉಳಿದವೆಲ್ಲ ಬೆಣ್ಣೆ ಹಾಗೆ ಬಂದ್ವು ಪಾಕ್. ಅದೊಂದೇ ಹಟ ಮಾಡ್ತು. ಸ್ಪ್ಯಾನರಿಗೆ ಉದ್ದ ಕೊಳವೆ ಸಿಕ್ಕಿಸಿ, ಮೈಯೆಲ್ಲ ಭಾರ ಹಾಕಿ ತಿರುಗಿಸ್ದೆ.

ಕಾರ್ಸೊನೊ: ಯಾವ ಕಡೆ?

ಲಾಮಿದಿ ಸಂದಿಗೆ ಇಳಿದು, ಗೋಡೆಗೆ ಬೆನ್ನು ಕೊಟ್ಟು, ಕೈಯಾಡಿಸಿ ತೋರಿಸಿದ. ಕಾರ್ಸೊನೊ ನೋಡುತ್ತ ನೋಡುತ್ತ ಅರಳಿದ.

ಕಾರ್ಸೊನೊ: ಎದುರುಗಡೆ ಕೂತಿದೀಯ ಕಣೋ ಪೆದ್ದ. ಆ ಕಡೆಯಿಂದ ಎಡಬಲ ಅದಲುಬದಲು. ನೀನು ಬಿಚ್ಚಿಲ್ಲ, ಬಿಗಿ ಮಾಡಿದೀಯ.

ಲಾಮಿದಿ: ಹೌದಾ ಪಾಕ್? ಅದಕ್ಕೇ ತಿರುಗಿಸ್ದಷ್ಟೂ ಗಟ್ಟಿ ಆಗ್ತಿತ್ತು.

ಕಾರ್ಸೊನೊ: ಬೂ, ಕೇಳಿಸ್ಕೊಂಡ್ಯಾ? ಪಾಕ್ ಮುರ್ಸಿದ್, ನೀವೇ ಸಾಕ್ಷಿ. ಅದು ಕಚ್ಕೊಂಡಿರ್ಲಿಲ್ಲ. ನಾನು ಅದಕ್ಕೂ ಗ್ರೀಸ್ ಹಚ್ಚಿದ್ದೆ.

ಮುರ್ಸಿದ್: ಸಂತೋಷ. ಈಗ ಇವನನ್ನ ಠಾಣೆಗೆ ಕರ್ಕೊಂಡು ಹೋಗ್ಲಾ?

ಕಾರ್ಸೊನೊ: ಕರ್ಕೊಂಡು ಹೋದ್ರೆ ಸ್ಪ್ಯಾನರಿನ ಆ ತುದಿ ಯಾರು ಹಿಡೀತಾರೆ? ಲಾಮಿದಿ, ಕೆಟ್ಲು ಬಿಸಿನೀರು ತಾ.

ತುಕಿನಾ: ಅದು ಇದ್ದಲ್ಲೇ ಇರ್ಲಿ ಪಾಕ್. ಉಳಿದದ್ದು ಜೋಡಿಸಿ. ಕಾಳು ಹುಳಿ ಬರತ್ತೆ.

ಕಾರ್ಸೊನೊ: ಇಷ್ಟು ಬಿಗಿ ಬಿಟ್ರೆ ನಾಳೆ ನಿಜವಾಗ್ಲೂ ಕಚ್ಕೊಳ್ಳತ್ತೆ. ಒಂದು ನಿಮಿಷ.

ಆ ಒಂದು ನಿಮಿಷದಲ್ಲಿ ತುಕಿನಾ ಕಾಳೆಲ್ಲ ರುಬ್ಬಿ ಮುಗಿಸಿದಳು. ಅತ್ತ ಗಂಡ ಬಿಸಿನೀರು ಸುರಿದ, ಸುತ್ತಿಗೆಯ ಮರದ ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದ, ಲಾಮಿದಿಯ ಜತೆ ಸ್ಪ್ಯಾನರಿಗೆ ಜೋತುಬಿದ್ದ. ಯೂನಿಯನ್ ಒಮ್ಮೆ ಕಿರ್ ಎಂದು ಬಿಟ್ಟುಕೊಂಡಿತು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಎದ್ದ ಮೇಲೆ ಮೂಟೆ ಬಿಚ್ಚಿ, ಒಂದೊಂದೇ ಜೋಡಿಸತೊಡಗಿದರು.

ಕಾರ್ಸೊನೊ: ಮೊದಲು ಥ್ರೆಡ್ ಒರೆಸು. ಗ್ರೀಸು ತೆಳ್ಳಗೆ. ರೊಟ್ಟಿಗೆ ಬೆಣ್ಣೆ ಅಲ್ಲ ಅದು.

ಲಾಮಿದಿ: ಇಷ್ಟು ಸಾಕಾ ಪಾಕ್?

ಕಾರ್ಸೊನೊ: ಸಾಕು. ಕೈಯಲ್ಲಿ ನಿಲ್ಲೋವರೆಗೂ ತಿರುಗಿಸು, ಆಮೇಲೆ ಸ್ಪ್ಯಾನರಲ್ಲಿ ಒಂಚೂರು. ಬಲ ಇದೆ ಅಂತ ತೋರಿಸ್ಬೇಡ.

ಲಾಮಿದಿ: ಹೋದ ಶುಕ್ರವಾರ ನೀವು ಸ್ಪ್ಯಾನರ್ ಮುಟ್ಟಿಸಿರ್ಲಿಲ್ಲ ಅನ್ಸತ್ತೆ ಪಾಕ್. ಒಂದೆರಡು ನಾನು ಮುಟ್ಟೋಕೆ ಮುಂಚೇನೇ ತಿರುಗ್ತಿದ್ವು.

ರುಬ್ಬುವ ಕಲ್ಲು ತೊಳೆಯುತ್ತಿದ್ದ ತುಕಿನಾ ತಲೆ ಎತ್ತಿದಳು.

ತುಕಿನಾ: ಅದಕ್ಕೇ ಇಷ್ಟು ದಿನ ಹಂಡೆ ಕಾಯೋಕೆ ಅಷ್ಟು ಹೊತ್ತು. ಅರ್ಧ ಹಬೆ ದಾರೀಲೇ ಸೋರಿ ಹೋಗ್ತಿತ್ತು. ನಾನು ಸೌದೆ ಹಸಿ ಅಂತ ಸೌದೆಯವನ ಹತ್ರ ಜಗಳ ಆಡಿದೀನಿ.

ಕಾರ್ಸೊನೊ: ಸೋರೋದು ಬೇರೆ, ಉಸಿರಾಡೋದು ಬೇರೆ ಬೂ.

ಬಾಯ್ಲರಿಗೆ ಬೆಂಕಿ ಬಿತ್ತು. ಹಬೆ ಬಂತು. ಲಾಮಿದಿ ಬಿಗಿ ಮಾಡಿದ ಜೋಡಣೆಗಳು ಒಣಗಿ ನಿಂತವು, ಕಾರ್ಸೊನೊ ಮಾಡಿದವು ಎರಡು ಕಡೆ ಪುಸುಪುಸು ಅಂದವು. ಲಾಮಿದಿ ಯಾರೂ ಹೇಳದೆ ಸ್ಪ್ಯಾನರ್ ತೆಗೆದುಕೊಂಡು ಹೋಗಿ ಅವನ್ನೂ ಒಂದು ಎಳೆ ಬಿಗಿ ಮಾಡಿದ. ಹಿಂದಿನಿಂದ ಕಾರ್ಸೊನೊ ಅವನ ಕೈ ಎಳೆಯುತ್ತಿದ್ದ. ಹಂಡೆ ಅಂದು ಬೇಗನೆ ಕುದಿಯಿತು. ಹಾಲು ಒಡೆದು ಬೆಳ್ಳಗೆ ಕೂಡಿಕೊಂಡಿತು. ಮದುವೆಮನೆಯವರು ಬಂದು ಬಾಗಿಲಲ್ಲಿ ಕಾಯುತ್ತಿದ್ದರು.

ಮುರ್ಸಿದ್ ಇಷ್ಟು ಹೊತ್ತೂ ಮೂಲೆಯಲ್ಲಿ ಕೂತು, ಲುಂಗಿಯ ಕಲೆ ತಿಕ್ಕಿ ತಿಕ್ಕಿ ಅಗಲ ಮಾಡಿಕೊಂಡಿದ್ದ. ಈಗ ಎದ್ದ.

ಮುರ್ಸಿದ್: ಕೆಲಸ ಮುಗೀತಲ್ಲ ತುಕಿನಾ. ಇನ್ನಾದ್ರೂ ಕರ್ಕೊಂಡು ಹೋಗ್ಲಾ?

ತುಕಿನಾ ಬಾಯ್ಲರಿನ ಕಡೆ ನೋಡಿದಳು. ಒಬ್ಬ ಬಿಗಿ ಮಾಡುತ್ತಿದ್ದ, ಇನ್ನೊಬ್ಬ ಸಡಿಲಿಸುತ್ತಿದ್ದ.

ತುಕಿನಾ: ಹೋಗಿ ಪಾಕ್. ಆದ್ರೆ ಕಳ್ಳ ಇಲ್ಲೇ ಇರ್ಲಿ. ಆ ಇನ್ನೊಬ್ಬರನ್ನ ಕರ್ಕೊಂಡು ಹೋಗಿ.