ಭಾವನ ಗೇರ್ ಬಾಕ್ಸಿಗೊಂದು ಮಟ್ಟಸ ಜಾಗ

ಭೂಮಿ ಗುಂಡಗಿದೆ ಎನ್ನುವುದರ ಬಗ್ಗೆ ನನ್ನ ಭಾವನದೇನೂ ತಕರಾರಿಲ್ಲ. ಅವರ ತಕರಾರು ಇರುವುದು ಅದು ಮಟ್ಟಸವಾಗಿಲ್ಲ ಎನ್ನುವುದರ ಬಗ್ಗೆ! ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಒಂದು ಕಾರು ನಿಲ್ಲಿಸುವಷ್ಟು ಸಮತಟ್ಟಾದ ನೆಲ ಇಲ್ಲದಿರುವುದು ಸೃಷ್ಟಿಕರ್ತ ತಮಗೊಬ್ಬರಿಗೇ ಬೇಕೆಂದು ಮಾಡಿದ ಅನ್ಯಾಯ ಎಂದು ಅವರು ನಂಬಿದ್ದಾರೆ. ದಬಾಯಿಸೋಣವೆಂದರೆ ಸೃಷ್ಟಿಕರ್ತ ಕೈಗೆ ಸಿಗುವುದಿಲ್ಲವಲ್ಲ? ಸಿಗುವವನು ನಾನು, ಅವರ ಹೆಂಡತಿಯ ತಮ್ಮ. ಹಾಗಾಗಿ ಗುಡ್ಡಗಳ ಮೇಲಿನ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸುತ್ತಾರೆ. ನನಗೆ ಬರುವ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಅದಕ್ಕೇ ಬರೆಯಲು ಕೂತಿದ್ದೇನೆ.

ಭಾವ ಸರ್ವೆ ಇಲಾಖೆಯಲ್ಲಿದ್ದವರು. ಚೈನು ಹಿಡಿದು ಈ ಕಡೆಯ ಗುಡ್ಡಗಳನ್ನೆಲ್ಲ ಹತ್ತಿ ಇಳಿದವರು. ಒಂದು ಸಲ ಬೈಕು ಜಾರಿ ಬಿದ್ದು ಎಡ ಮೊಣಕಾಲು ಕೆಟ್ಟಿತು; ಆಮೇಲೆ ಅದು ಮಡಚಲೇ ಇಲ್ಲ. ಕಾರಿನ ಕ್ಲಚ್ ತುಳಿಯಬೇಕಾದದ್ದೂ ಅದೇ ಕಾಲು. ಊರೂರು ತಿರುಗಿಯೇ ಬದುಕಿದ ಮನುಷ್ಯ ಕಡಹಿನಬೈಲಿನ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ರಸ್ತೆ ನೋಡುತ್ತಾ ಕೂತುಬಿಟ್ಟರು. ಮಾತು ನಿಂತಿತು. ಏನು ಕೇಳಿದರೂ ಒಂದು ಹೂಂ, ಒಂದು ಊಹೂಂ. ಅಕ್ಕ ದಿನಾ ನನಗೆ ಫೋನು ಮಾಡಿ, ಮನೆಯಲ್ಲಿ ಗೋಡೆಯ ಜೊತೆ ಮಾತಾಡಿದ ಹಾಗಾಗ್ತದೆ ಎಂದು ಅಳುತ್ತಿದ್ದಳು.

ಆಗ ಶಿವಮೊಗ್ಗದಲ್ಲಿ ಯಾರೋ ಒಂದು ಆಟೋಮ್ಯಾಟಿಕ್ ಕಾರು ಮಾರುತ್ತಾರೆ ಅಂತ ಗೊತ್ತಾಯಿತು. ಕ್ಲಚ್ಚೇ ಇಲ್ಲ, ಗೇರು ತಾನಾಗಿ ಬದಲಾಗುತ್ತದೆ, ಓಡಿಸಲು ಬಲಗಾಲೊಂದೇ ಸಾಕು. ಕಾರು ಆವಾಗಲೇ ಹಳತು. ಆದರೂ ತಂದೆವು. ಭಾವ ಒಬ್ಬರೇ ಅದನ್ನು ಶೃಂಗೇರಿಯವರೆಗೆ ಓಡಿಸಿಕೊಂಡು ಹೋಗಿ ಬಂದು, ಅಂಗಳದಿಂದಲೇ "ಕಾಫಿ ಮಾಡೇ!" ಎಂದು ಕೂಗಿದರಂತೆ. ಅಕ್ಕ ಒಲೆಯ ಮುಂದೆ ನಿಂತು ಸಂತೋಷಕ್ಕೆ ಅತ್ತಳು. ಅವತ್ತು ಶುರುವಾದ ಅವರ ಮಾತು ಇವತ್ತಿನವರೆಗೂ ನಿಂತಿಲ್ಲ. ಅಷ್ಟೂ ಮಾತು ಗೇರ್ ಬಾಕ್ಸಿನ ಬಗ್ಗೆ!

ಈಗ ಆ ಕಾರು ಹಳತು ಅನ್ನುವ ಮಾತನ್ನೂ ದಾಟಿ ಮುಂದೆ ಹೋಗಿದೆ. ಗೇರ್ ಬಾಕ್ಸ್ ಯಾವತ್ತು ಕೈಕೊಡುತ್ತದೋ ಅವತ್ತು ಭಾವ ಮತ್ತೆ ಜಗಲಿಯ ಕುರ್ಚಿಗೆ, ನಾನು ಆಜೀವ ಅವರ ಡ್ರೈವರ್ ಕೆಲಸಕ್ಕೆ. ಇದು ಮೂವರಿಗೂ ಗೊತ್ತು.

"ಹೊಸ ಆಟೋಮ್ಯಾಟಿಕ್ ಎಷ್ಟು ಬೇಕಾದ್ರೂ ಬಂದಿದೆ ಭಾವ. ಒಂದು ತಗೊಳ್ಳಿ," ಅಂದೆ ಒಮ್ಮೆ.

"ಇದು ಕಾರಲ್ಲ ಮಾರಾಯ, ನನ್ನ ಎಡಗಾಲು. ಕಾಲು ಹಳತಾಯ್ತು ಅಂತ ಯಾರಾದ್ರೂ ಹೊಸ ಕಾಲು ತಗೊಳ್ತಾರಾ?"

"ಈಗ ಮೊಣಕಾಲೂ ಹೊಸತು ಹಾಕ್ತಾರಂತೆ," ಅಂದಳು ಅಕ್ಕ ಒಳಗಿಂದ.

"ನಿನ್ನ ಅಕ್ಕನಿಗೆ ತಲೆ ಒಂದು ಹೊಸತು ಹಾಕ್ತಾರಾ ಕೇಳು," ಅಂದರು ಭಾವ.

ಇಂಥ ಮನುಷ್ಯನ ಕಾರಿನಲ್ಲಿ ಕೂರುವುದೆಂದರೆ ಏನು ಅಂತ ತಿಳಿದಿದ್ದೀರಿ? ಚಕ್ರ ಪೂರ್ತಿ ನಿಲ್ಲದೆ ಅವರು ರಿವರ್ಸಿಗೆ ಹಾಕುವುದಿಲ್ಲ. ನಿಂತ ಮೇಲೂ ಗೇರ್ ಬಾಕ್ಸಿಗೆ ಸುಧಾರಿಸಿಕೊಳ್ಳಲು ಸ್ವಲ್ಪ ಸಮಯ ಕೊಡುತ್ತಾರೆ. ಬೆಳಿಗ್ಗೆ ಹೊರಡುವ ಮೊದಲು ಇಂಜಿನ್ನು ಚಾಲೂ ಮಾಡಿ, ಆಯಿಲ್ ಬೆಚ್ಚಗಾಗಲಿ ಎಂದು ನಮ್ಮನ್ನು ಒಳಗೆ ಕೂರಿಸಿಯೇ ಕಾಯಿಸುತ್ತಾರೆ. ಉದ್ದ ಏರು ಬಂದರೆ ಹತ್ತಿದ ಮೇಲೆ ನೆರಳಿನಲ್ಲಿ ವಿಶ್ರಾಂತಿ. ನಮಗಲ್ಲ, ಗೇರ್ ಬಾಕ್ಸಿಗೆ! ಎಲ್ಲಕ್ಕಿಂತ ಹೆಚ್ಚಾಗಿ, ಗೇರು ಬದಲಾಗುವ ಹೊತ್ತಿಗೆ ಕಾರಿನಲ್ಲಿ ಯಾರೂ ಮಾತಾಡಕೂಡದು. ಬದಲಾದದ್ದು ಮೈಗೆ ಗೊತ್ತಾಗಬಾರದು, ಗೊತ್ತಾದರೆ ರೋಗ ಶುರುವಾಯಿತು ಎಂದು ಅರ್ಥ. ಅದನ್ನು ಅವರು ಕಿವಿಗೊಟ್ಟು ಕೇಳಬೇಕು. ಅಕ್ಕ ಪಾಪ, ಅರ್ಧ ಹೇಳಿದ ಸುದ್ದಿಯನ್ನು ಬಾಯಲ್ಲೇ ಹಿಡಿದುಕೊಂಡು, ಕೈ ಸನ್ನೆ ಸಿಕ್ಕಿದ ಮೇಲೆ ಉಳಿದರ್ಧ ಹೇಳುತ್ತಾಳೆ. ಒಂದು ಸಲ ಹೀಗೆಯೇ "ನಮ್ಮ ಚಿಕ್ಕಮ್ಮ ಹೋದರಂತೆ" ಎಂದು ಶುರು ಮಾಡಿದಳು. ಏರು ಬಂತು, ಭಾವನ ಕೈ ಎದ್ದಿತು, ಎಲ್ಲರೂ ಸುಮ್ಮನಾದೆವು. ಚಿಕ್ಕಮ್ಮ ಹೋದದ್ದು ಮಗಳ ಮನೆಗೆ ಅಂತ ತಿಳಿಯುವುದಕ್ಕೆ ಏರು ಮುಗಿಯಬೇಕಾಯಿತು. ಅಷ್ಟರಲ್ಲಿ ನಾನು ಅತ್ತು ಮುಗಿಸಿದ್ದೆ!

ಇದನ್ನೆಲ್ಲ ಹೇಗೋ ಸಹಿಸಬಹುದು. ಸಹಿಸಲಾಗದ್ದು ಆಯಿಲ್ ನೋಡುವ ಕಾರ್ಯಕ್ರಮ. ಗೇರ್ ಆಯಿಲಿನ ಅಳತೆ ನೋಡಲು ಒಂದು ಕಡ್ಡಿ ಇರುತ್ತದೆ. ಇಂಜಿನ್ನು ಚಾಲೂ ಇರಬೇಕು, ಬಿಸಿಯಾಗಿರಬೇಕು, ಎಲ್ಲ ಗೇರಿಗೂ ಒಂದೊಂದು ಸಲ ಹಾಕಿ ತೆಗೆದಿರಬೇಕು. ಇಷ್ಟೂ ಸುಲಭ. ಆದರೆ ಕಾರು ಮಟ್ಟಸವಾದ ನೆಲದ ಮೇಲೆ ನಿಂತಿರಬೇಕು. ಮೂತಿ ಮೇಲಾದರೆ ಒಂದು ಅಳತೆ, ಕೆಳಗಾದರೆ ಇನ್ನೊಂದು. ನಮ್ಮ ಕಡೆ ಅಂಥ ನೆಲ ಎಲ್ಲಿಂದ ತರುವುದು ಸ್ವಾಮಿ? ಇಲ್ಲಿ ಮಳೆ ನೀರು ಹರಿದು ಹೋಗಲೆಂದು ಜನ ಅಂಗಳಕ್ಕೂ ಇಳಿಜಾರು ಕೊಡುತ್ತಾರೆ, ಜಗಲಿಗೂ ಕೊಡುತ್ತಾರೆ. ಭಾವ ಗಾರೆ ಕೆಲಸದವರ ರಸಮಟ್ಟ ಒಂದನ್ನು ಸಂಪಾದಿಸಿದ್ದಾರೆ. ನೆಲದ ಮೇಲಿಟ್ಟರೆ ಅದರ ಗಾಜಿನೊಳಗೆ ಗುಳ್ಳೆ ಓಡಾಡುತ್ತದೆ, ಗುಳ್ಳೆ ನಡುವೆ ನಿಂತರೆ ಮಟ್ಟಸ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕಂಡವರ ಅಂಗಳ ಅಳೆಯುತ್ತಾ ತಿರುಗುತ್ತಾರೆ.

ಬೇಸಿಗೆಯಲ್ಲಿ ಒಂದು ದಿನ ಭಾವ, "ಹೊರಡೇ, ಹಿನ್ನೀರು ನೋಡ್ಕೊಂಡು ಬರುವ," ಅಂದರು. ಮದುವೆಯಾದಾಗಿನಿಂದ ಹೀಗೆ ತಾವಾಗಿ ಕರೆದವರಲ್ಲ! ಅಕ್ಕ ಒಳ್ಳೇ ಸೀರೆ ಉಟ್ಟು, ಹೂ ಮುಡಿದು, ಚಕ್ಕುಲಿ ಕಟ್ಟಿಕೊಂಡು ಹೊರಟಳು. ಭದ್ರಾ ಹಿನ್ನೀರು ಇಳಿದ ಜಾಗದಲ್ಲಿ ನೆಲ ಹಾಸಿದ ಹಾಗೆ ಬಿದ್ದಿತ್ತು. ಭಾವ ಕಾರು ಇಳಿಸಿ, ರಸಮಟ್ಟ ಇಟ್ಟು, ಬಾನೆಟ್ ಎತ್ತಿದರು. ಬಂದದ್ದು ಯಾಕೆಂದು ಅಕ್ಕನಿಗೆ ಆಗ ತಿಳಿಯಿತು. ಅಷ್ಟರಲ್ಲಿ ಹಿಂದಿನ ಚಕ್ರ ಮೆಲ್ಲಗೆ ಕೆಸರಿಗೆ ಇಳಿಯಿತು. ನಾನು ಹೋಗಿ ಎತ್ತಿಸುವಷ್ಟರಲ್ಲಿ ಅಕ್ಕ ಚಕ್ಕುಲಿ ಅಷ್ಟನ್ನೂ ಸಿಟ್ಟಿನಲ್ಲಿ ತಿಂದು ಮುಗಿಸಿದ್ದಳು.

ಆಮೇಲೆ ಭಾವನ ಅಣ್ಣನ ಮಗಳಿಗೆ ಗಂಡು ನೋಡಲು, ಅವಳನ್ನೂ ಕರೆದುಕೊಂಡು ಸೀತೂರಿಗೆ ಹೋದೆವು. ನಾವೆಲ್ಲ ಒಳಗೆ ಉಪ್ಪಿಟ್ಟು ತಿನ್ನುತ್ತಾ ಹುಡುಗನ ಓದು, ಕೆಲಸ ವಿಚಾರಿಸುತ್ತಿದ್ದರೆ ಭಾವ ಹೊರಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ! ಹುಡುಗನ ತಾಯಿ ಗಾಬರಿಯಿಂದ, "ಅವರಿಗೆ ಹುಷಾರಿಲ್ವಾ?" ಎಂದು ನನ್ನನ್ನು ಕೇಳಿದರು. ಇಲ್ಲ, ಅಂಗಳ ಅಳೀತಿದ್ದಾರೆ ಅಂತ ಹೇಗೆ ಹೇಳಲಿ? ಕೊನೆಗೆ ಒಳಗೆ ಬಂದವರು, "ಸಂಬಂಧ ಆಗಬಹುದು. ಅಂಗಳ ಸುಮಾರಾಗಿ ಮಟ್ಟ ಇದೆ," ಎಂದು ಎಲ್ಲರೆದುರು ಘೋಷಿಸಿದರು. ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹುಡುಗ ಅದನ್ನು ಒಪ್ಪಿಗೆ ಎಂದು ತಿಳಿದ. ಒಪ್ಪಿಗೆಯೇ ಆಗಿತ್ತು.

ಆ ಮದುವೆ ನಡೆದದ್ದು ಶೃಂಗೇರಿಯ ಒಂದು ಛತ್ರದಲ್ಲಿ. ಅನಾಹುತವಾದದ್ದೂ ಅಲ್ಲೇ. ಅಡುಗೆಯವರ ಒಲೆ ಓರೆಯಾಗಿ ಪಾಯಸದ ಕೊಪ್ಪರಿಗೆ ಒಂದು ಕಡೆ ವಾಲುತ್ತಿತ್ತು. ಭಾವ ಸುಮ್ಮನಿರುತ್ತಾರೆಯೇ? ರಸಮಟ್ಟ ಕೊಟ್ಟು, ಕಲ್ಲು ಇಡಿಸಿ, ಗುಳ್ಳೆ ನಡುವೆ ನಿಲ್ಲಿಸಿಯೇ ಬಂದರು. ಅಡುಗೆಯವರು ಸಾಮಾನು ಕಟ್ಟುವಾಗ ಸೌಟು, ಜಾಲರಿಗಳ ಜೊತೆ ರಸಮಟ್ಟವನ್ನೂ ಕಟ್ಟಿಕೊಂಡು ಹೋದರು. ಊಟ, ತಾಂಬೂಲ ಎಲ್ಲ ಮುಗಿಸಿ ಆಯಿಲ್ ನೋಡಲು ಬಂದ ಭಾವನ ಕೈಯಲ್ಲಿ ರಸಮಟ್ಟ ಇಲ್ಲ. "ಇಷ್ಟು ವರ್ಷ ಸರ್ವೆ ಮಾಡಿದವನಿಗೆ ಕಣ್ಣಳತೆ ಸಾಕು ಮಾರಾಯ," ಅಂದರು. ಕಡ್ಡಿಯಲ್ಲಿ ಆಯಿಲ್ ಕಡಿಮೆ ಕಂಡಿತು. ಸುರಿದರು. ಇನ್ನೂ ಕಡಿಮೆ ಕಂಡಿತು. ಇನ್ನಷ್ಟು ಸುರಿದರು. ಅವತ್ತು ಪಾಯಸದ ಕೊಪ್ಪರಿಗೆ ಮಟ್ಟಸವಾಗಿತ್ತು. ಮೂತಿ ಮೇಲೆ ಮಾಡಿ ನಿಂತಿದ್ದದ್ದು ಕಾರು.

ಕೊಪ್ಪ ಇನ್ನೂ ದೂರವಿರುವಾಗ ಒಂದು ಏರಿನಲ್ಲಿ ಕಾರು ಕಿರುಚಿತು. ಇಂಜಿನ್ನು ಬೊಬ್ಬೆ ಹಾಕುತ್ತದೆ, ಚಕ್ರ ಅಲುಗುವುದಿಲ್ಲ. ಬಾನೆಟ್ಟಿನಿಂದ ಹೊಗೆ. ಜಾಸ್ತಿಯಾದ ಆಯಿಲ್ ಒಳಗೆ ಕಡೆದು ನೊರೆಯಾಗಿ ಉಕ್ಕಿ ಬಂದಿತ್ತು. ನಾನು ಹೊಸ ರೇಷ್ಮೆ ಪಂಚೆಯಲ್ಲಿ, ಅಕ್ಕ ತಾಂಬೂಲದ ಚೀಲಗಳ ನಡುವೆ. ಹತ್ತಿರದ ಚಹಾ ಅಂಗಡಿಯಿಂದ ಜನ ಓಡಿ ಬಂದರು. ನಮ್ಮ ಕಡೆಯವರ ಉಪಕಾರಬುದ್ಧಿ ನಿಮಗೆ ಗೊತ್ತಲ್ಲ?

"ತಳ್ಳುವ, ಸ್ಟಾರ್ಟ್ ಆಗ್ತದೆ!"

"ತಳ್ಳಿದ್ರೆ ಸ್ಟಾರ್ಟ್ ಆಗೂದಿಲ್ಲ ಮಾರಾಯ್ರೇ, ಇದು ಆಟೋಮ್ಯಾಟಿಕ್!" ಅಂದರು ಭಾವ.

"ಹಾಗಾದ್ರೆ ಜೀಪಿಗೆ ಹಗ್ಗ ಕಟ್ಟಿ ಎಳೆಯುವ."

"ಚಕ್ರ ನೆಲಕ್ಕೆ ತಾಗಿಸಿ ಎಳೆದ್ರೆ ಗೇರ್ ಬಾಕ್ಸ್ ಸುಟ್ಟು ಹೋಗ್ತದೆ!"

"ತಳ್ಳೂದೂ ಬೇಡ, ಎಳೆಯೂದೂ ಬೇಡ ಅಂದ್ರೆ ಎಂತ, ಪೂಜೆ ಮಾಡೂದಾ?" ಎಂದ ಜೀಪಿನವನು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ!

ಕೊನೆಗೆ ಟ್ರ್ಯಾಕ್ಟರ್ ಸಾಗಿಸುವ ಲಾರಿಯೊಂದನ್ನು ಕರೆಸಿ, ರಸ್ತೆ ಬದಿಯ ದಿಣ್ಣೆಗೆ ಒತ್ತಿ ನಿಲ್ಲಿಸಿ, ದಿಣ್ಣೆಯ ಮೇಲಿನಿಂದ ಕಾರನ್ನು ಮೆಲ್ಲಗೆ ಒಳಕ್ಕೆ ಸರಿಸಿದೆವು. ಭಾವ ಮಾತ್ರ ಕಾರಿನಿಂದ ಇಳಿಯಲಿಲ್ಲ. ಲಾರಿಯ ಮೇಲೆ ಕಾರು, ಕಾರಿನಲ್ಲಿ ಪೇಟ ಸುತ್ತಿದ ಭಾವ, ಎರಡೂ ಕೈ ಸ್ಟೀರಿಂಗಿನ ಮೇಲೆ! ಕೊಪ್ಪದ ಪೇಟೆಯಲ್ಲಿ ಹೋಗುವಾಗ ಯಾರೋ ರಾಜಕಾರಣಿಯ ಮೆರವಣಿಗೆ ಎಂದು ತಿಳಿದು ಕೆಲವರು ಕೈ ಮುಗಿದರು. ಲಾರಿಯ ಮುಂದೆ ಡ್ರೈವರ್ ಪಕ್ಕ ಕೂತಿದ್ದ ನಾನು ಮುಖವನ್ನು ಪಂಚೆಯಲ್ಲಿ ಮುಚ್ಚಿಕೊಂಡೆ. ಮಾನ ಅನ್ನುವುದು ಒಂದು ಇದೆಯೋ ಇಲ್ಲವೋ?

ನರಸಿಂಹರಾಜಪುರದ ಗ್ಯಾರೇಜಿನಲ್ಲಿ, ಒಳಗಿನ ಪ್ಲೇಟು ಸುಟ್ಟಿದ್ದರೆ ಈ ಮಾಡೆಲ್ಲಿಗೆ ಸಾಮಾನು ಸಿಗುವುದಿಲ್ಲ, ಬಿಚ್ಚಿ ನೋಡದೆ ಏನೂ ಹೇಳಲಾಗದು ಅಂದರು. ಬಿಚ್ಚುವವನು ಊರಲ್ಲಿರಲಿಲ್ಲ, ಕಾಯಬೇಕಾಯಿತು. ಭಾವನನ್ನು ಮನೆ ತಲುಪಿಸುವಾಗ ದಾರಿಯುದ್ದಕ್ಕೂ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಕಣ್ಣಳತೆಗಿಷ್ಟು ಬೆಂಕಿ ಹಾಕ ಅಂದೆ. ಅವರು ರಸ್ತೆ ನೋಡುತ್ತಾ ಕೂತಿದ್ದರು.

ನಾಲ್ಕು ದಿನ ಬಿಟ್ಟು ಅಕ್ಕ ಫೋನು ಮಾಡಿದಳು. ದನಿ ಸಣ್ಣದಾಗಿತ್ತು.

"ಕುರ್ಚಿ ಮತ್ತೆ ಜಗಲಿಗೆ ತಂದು ಹಾಕ್ಕೊಂಡಿದ್ದಾರೆ ಕಣೋ. ಮಾತಿಲ್ಲ. ನಿನ್ನೆ ನಾನೇ ಬೇಕು ಅಂತ ಗೇರ್ ಬಾಕ್ಸಿನ ಸುದ್ದಿ ತೆಗೆದೆ. ಅದಕ್ಕೂ ಮಾತಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಮೇಲಲ್ಲ, ಭಾವನ ಮೇಲೂ ಅಲ್ಲ. ಒಂದು ಕಾರು ನಿಲ್ಲಿಸುವಷ್ಟು ನೆಲ ನೆಟ್ಟಗಿಲ್ಲದ ಈ ಊರಿನ ಮೇಲೆ!

ನಮ್ಮ ಪುಣ್ಯ, ಪ್ಲೇಟು ಸುಟ್ಟಿರಲಿಲ್ಲ. ನೊರೆಯಾದ ಆಯಿಲ್ ಚೆಲ್ಲಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕಿದರು. ಅಡುಗೆಯವರು ರಸಮಟ್ಟ ವಾಪಸ್ ಕಳಿಸಿದರು. ಭಾವನಿಗೆ ಕಾರೂ ಬಂತು, ಮಾತೂ ಬಂತು. ಆದರೆ ಮಟ್ಟಸ ಜಾಗ ಎಲ್ಲಿಂದ ಬರಬೇಕು?

ಆ ಹೊತ್ತಿಗೆ ನಾನು ನರಸಿಂಹರಾಜಪುರದ ಹೊರಗೆ, ಒಂದು ಏರಿನ ಮೇಲೆ ಕಟ್ಟಿಸಿದ ಹೊಸ ಮನೆಯ ಅಂಗಳಕ್ಕೆ ಕಾಂಕ್ರೀಟ್ ಹಾಕಿಸುತ್ತಿದ್ದೆ.

"ಇಳಿಜಾರು ಯಾವ ಕಡೆಗೆ ಕೊಡೂದು?" ಎಂದು ಮೇಸ್ತ್ರಿ ಕೇಳಿದ.

"ಗೇಟಿನ ಹತ್ರ ಇಷ್ಟು ಜಾಗಕ್ಕೆ ಇಳಿಜಾರೇ ಕೊಡಬೇಡ," ಅಂದೆ.

"ಮಳೆಗಾಲದಾಗೆ ನೀರು ನಿಲ್ತದೆ ಸಾರ್. ನೋಡಿದವರು ನನಗೆ ಬೈತಾರೆ."

"ಕೊಡಬೇಡ ಅಂದ್ರೆ ಕೊಡಬೇಡ!" ಎಂದು ಕೂಗಿಬಿಟ್ಟೆ. ಅವನು ನನ್ನ ಹೆಂಡತಿಯ ಮುಖ ನೋಡಿದ. ಅವಳು ಆಕಾಶ ನೋಡಿದಳು.

ಮೊದಲ ಮಳೆಗೇ ನೀರು ನಿಂತಿತು. ಸರಿಯಾಗಿ ಒಂದು ಕಾರಿನ ಉದ್ದ, ಒಂದು ಕಾರಿನ ಅಗಲ. ಒಂದು ಕಪ್ಪೆಯೂ ಬಂದು ಸೇರಿಕೊಂಡಿತು. ಆ ಭಾನುವಾರ ಅಕ್ಕನನ್ನು ಕರೆದುಕೊಂಡು ಬಂದ ಭಾವ ರಸ್ತೆಯಲ್ಲೇ ಕಾರು ನಿಲ್ಲಿಸಿ, ಇಳಿದು ನೋಡಿ ಹೌಹಾರಿದರು.

"ಇದೆಂತದು ಮಾರಾಯ? ಇಳಿಜಾರೇ ಕೊಟ್ಟಿಲ್ಲ! ಯಾವನು ನಿನ್ನ ಮೇಸ್ತ್ರಿ? ಸರ್ವೆ ಮಾಡಿದ ಭಾವ ಒಬ್ಬ ಬದುಕಿದ್ದಾನೆ, ಕೇಳುವ ಅಂತ ಅನ್ನಿಸ್ಲಿಲ್ವಾ ನಿಂಗೆ?"

ನನ್ನ ಮೈ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡು, "ರಸಮಟ್ಟ ಇಟ್ಟು ನೋಡಿ ಭಾವ," ಎಂದಷ್ಟೇ ಅಂದೆ.

ಅವರು ನೀರನ್ನು ಚಪ್ಪಲಿಯಿಂದ ಬದಿಗೆ ಸರಿಸಿ, ಮಡಚದ ಕಾಲನ್ನು ಪಕ್ಕಕ್ಕೆ ಚಾಚಿ ಕೂತು, ರಸಮಟ್ಟವನ್ನು ಉದ್ದಕ್ಕೆ ಇಟ್ಟರು. ಗುಳ್ಳೆ ನಡುವೆ ನಿಂತಿತು. ಅಡ್ಡಕ್ಕೆ ಇಟ್ಟರು. ನಡುವೆಯೇ ನಿಂತಿತು. ತಲೆಯೆತ್ತಿ ಆ ಜಾಗದ ಉದ್ದ ನೋಡಿದರು, ರಸ್ತೆಯಲ್ಲಿ ನಿಂತ ಕಾರನ್ನು ನೋಡಿದರು, ನನ್ನನ್ನು ನೋಡಿದರು. ಏಳಲು ಕೈ ಚಾಚಿದರು, ಹಿಡಿದು ಎಬ್ಬಿಸಿದೆ. ಎದ್ದ ಮೇಲೂ ಅವರು ಕೈ ಬಿಡಲಿಲ್ಲ.

"ನೀರು ನಿಲ್ತದಲ್ಲ ಮಾರಾಯ," ಅಂದರು ಮೆಲ್ಲಗೆ.

"ನಿಲ್ಲಲಿ," ಅಂದೆ.

ಈಗ ಪ್ರತಿ ಭಾನುವಾರ ಭಾವ ಆಯಿಲ್ ನೋಡಲು ನಮ್ಮನೆಗೆ ಬರುತ್ತಾರೆ. ಆಯಿಲ್ ಕಡಿಮೆಯಾದದ್ದೇ ಇಲ್ಲ, ವಾರವಾರ ನೋಡುವ ಅಗತ್ಯವೂ ಇಲ್ಲ. ಆದರೂ ಬಂದು, ಬಾನೆಟ್ ಎತ್ತಿ, ಕಡ್ಡಿ ಒರೆಸಿ, ನನ್ನ ತಲೆ ತಿಂದು, ದೋಸೆ ತಿಂದು ಹೋಗುತ್ತಾರೆ. ನನ್ನ ಸಿಟ್ಟು ಇಳಿದಿದೆ ಎಂದು ದಯವಿಟ್ಟು ತಿಳಿಯಬೇಡಿ! ಆದರೆ ಮಳೆಗಾಲ ಪೂರ್ತಿ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು, "ನಿಮ್ಮ ಭಾವ ಬರೋ ಹೊತ್ತಾಯ್ತು," ಎಂದು ಪೊರಕೆಯಿಂದ ಆ ನೀರನ್ನು ಬಳಿದು ಹಾಕುತ್ತಾಳೆ. ನಾನು ಪೇಪರ್ ಹಿಡಿದುಕೊಂಡು ಗೇಟಿನ ಹತ್ತಿರ ನಿಲ್ಲುತ್ತೇನೆ. ಸ್ವಲ್ಪ ತಡವಾದರೂ ಪೇಪರಿನ ಅಕ್ಷರ ಕಾಣುವುದಿಲ್ಲ. ಆಮೇಲೆ ಕೆಳಗಿನ ತಿರುವಿನಲ್ಲಿ ಆ ಹಳೇ ಇಂಜಿನ್ನಿನ ಸದ್ದು ಕೇಳುತ್ತದೆ. ನಾನು ಕೈ ಎತ್ತುತ್ತೇನೆ, ಹೆಂಡತಿ ಪೊರಕೆ ನಿಲ್ಲಿಸುತ್ತಾಳೆ. ಏರಿನಲ್ಲಿ ಗೇರು ಬದಲಾಗುತ್ತದೆ, ಬದಲಾದದ್ದು ಗೊತ್ತೇ ಆಗುವುದಿಲ್ಲ. ಇನ್ನೊಂದು ವಾರಕ್ಕೆ ಏನೂ ಭಯವಿಲ್ಲ ಎಂದುಕೊಂಡು ಗೇಟು ತೆರೆಯುತ್ತೇನೆ.