ಹೆಸರು ಹಿಡಿದು ಕರೆಯುವ ಕಷ್ಟ

ಕರೆಯುವುದೇ ನನ್ನ ಹೊಟ್ಟೆಪಾಡು. ಹುಣಸೂರಿನ ಒಂದು ಡೇರಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಅಲ್ಲಿ ಸ್ಟೋರ್ಡ್ ಪ್ರೊಸೀಜರ್ ಎಂಬುದೊಂದಿದೆ. ಒಂದು ಕೆಲಸ ಮಾಡುವ ಕ್ರಮವನ್ನೆಲ್ಲ ಮೊದಲೇ ಬರೆದು ಡೇಟಾಬೇಸಿನ ಒಳಗೇ ಇಟ್ಟಿರುತ್ತೇವೆ. ಆಮೇಲೆ ಅದನ್ನು ಹೆಸರು ಹಿಡಿದು ಕರೆದು, ಯಾವ ಊರು, ಯಾವ ತಾರೀಖು ಎಂದು ವಿವರ ಕೊಟ್ಟರೆ ಸಾಕು, ಆ ಊರಿನ ಹಾಲಿನ ಲೆಕ್ಕವೆಲ್ಲ ಕಣ್ಣೆದುರು ಬಂದು ನಿಲ್ಲುತ್ತದೆ. ಒಳಗೆ ಏನೇನು ನಡೆಯಿತೆಂದು ಕರೆದವನು ತಲೆಕೆಡಿಸಿಕೊಳ್ಳಬೇಕಿಲ್ಲ. ದಿನವಿಡೀ ಇಂಥ ವಿಧೇಯರ ಸಹವಾಸ ಮಾಡಿದವನು ಕೆಟ್ಟುಹೋಗದೆ ಇರುತ್ತಾನೆಯೇ? ಮದುವೆಯಾದ ಹೊಸದರಲ್ಲಿ ಸೋಫಾದ ಮೇಲೆ ಕೂತು, 'ಸವಿತಾ, ಕಾಫಿ' ಎಂದೆ. 'ಕರೆದ ತಕ್ಷಣ ಬರಾಕೆ ನಾನೇನು ನಿಮ್ ಆಫೀಸಿನ ಪ್ರೊಸೀಜರ್ರಾ? ಎದ್ದು ಬಂದು ಹಾಲಿಡಿ' ಎಂದು ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು. ಈಗ ಆ ಬೈಗುಳಕ್ಕೂ ಜೀವ ಹಾತೊರೆಯುತ್ತಿದೆ.

ಆಷಾಢ ನೋಡಿ. ಹೊಸ ಮದುಮಗಳು ತವರಿಗೆ ಹೋಗಬೇಕು, ಅಳಿಯ ಅತ್ತೆಮನೆಯ ಹೊಸಿಲು ದಾಟಬಾರದು. ಸವಿತಾ ಬೆಟ್ಟದಪುರದಲ್ಲಿದ್ದಾಳೆ. ಅವಳ ಸಿಮ್ಮಿಗೆ ಅಲ್ಲಿ ಸಿಗ್ನಲ್ ಇಲ್ಲ, ಹಾಗಾಗಿ ಅತ್ತೆಯ ಫೋನೇ ಗತಿ. ಅತ್ತೆಯ ಎದುರು ಹೆಂಡತಿಯ ಹೆಸರೆತ್ತಲು ನನಗೆ ನಾಲಗೆ ಏಳುವುದಿಲ್ಲ. 'ಮಳೆ ಬಂತಾ ಅತ್ತೆ? ಹೊಗೆಸೊಪ್ಪು ಎಂಗದೆ? ಮಾವನ ಮಂಡಿನೋವು?' ಎಂದು ವಿವರಗಳನ್ನೆಲ್ಲ ಸರಿಯಾದ ಕ್ರಮದಲ್ಲಿ ಕೊಟ್ಟು, ಕರೆಯಬೇಕಾದ ಹೆಸರೊಂದನ್ನು ಬಿಟ್ಟು ಫೋನಿಡುತ್ತೇನೆ. ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ನಗುತ್ತಿದ್ದೆ.

ಮೊನ್ನೆ ಅತ್ತೆ, 'ಅಳಿಯಂದ್ರೆ, ಗೌರಿಹಬ್ಬಕ್ಕೆ ಎಂಗೂ ಬರ್ಬೇಕು. ಅಲ್ಲೀಗಂಟ ಮಗಳು ಇಲ್ಲೇ ಇದ್ಬುಡ್ಲಾ?' ಎಂದರು. ಗೌರಿಹಬ್ಬವೆಂದರೆ ಶ್ರಾವಣವೂ ಪೂರ್ತಿ ಕಳೆಯಬೇಕು. ಎದೆ ಧಸಕ್ಕೆಂದಿತು. ಬಾಯಿ ಮಾತ್ರ, 'ಇರ್ಲಿ ಬುಡಿ ಅತ್ತೆ, ನಂಗೇನು ತೊಂದ್ರೆ ಇಲ್ಲ' ಎಂದಿತು. ಶುದ್ಧ ಸುಳ್ಳು. ರಿಮೋಟಿಗೆ ಜಗಳವಾಡುವವರಿಲ್ಲದೆ, ನಾನು ಒಬ್ಬನೇ ಕೂತು ಅವಳ ಧಾರಾವಾಹಿಯನ್ನೇ ನೋಡುತ್ತಿದ್ದೇನೆ.

ನಿನ್ನೆ ಸಂಜೆ ಮನಸ್ಸು ಗಟ್ಟಿಮಾಡಿಕೊಂಡು ಅತ್ತೆಗೆ ಫೋನ್ ಮಾಡಿದೆ. ಅದೃಷ್ಟಕ್ಕೆ 'ಹಲೋ' ಎಂದದ್ದು ಸವಿತಾಳೇ. ಮಳೆ, ಮಂಡಿ ಎಲ್ಲ ಬಿಟ್ಟು, 'ಸವೀ, ಗೌರಿಹಬ್ಬದ ತನಕ ನನ್ ಕೈಲಾಗಲ್ಲ ಕಣೇ. ನೀನಿಲ್ದೆ ಮನೇಲಿ ಇರಕ್ಕಾಯ್ತಿಲ್ಲ. ಬಂದ್ಬುಡು' ಎಂದೆ.

ಉತ್ತರವಾಗಿ ಬಂದದ್ದು ಅತ್ತೆಯ ದನಿ: 'ಸ್ಪೀಕರ್ ಆಕದೆ ಕಣಪ್ಪ. ಕೂಲಿಗೆ ಬಂದೋರೆಲ್ಲ ಇಲ್ಲೇ ಜಗಲೀಲಿ ಕಾಫಿ ಕುಡೀತಾ ಕುಂತವ್ರೆ.' ಹಿಂದೆ ಗೊಳ್ಳೆಂಬ ನಗು. 'ಆಷಾಡ ಕಳೀಲಿ, ಮಾರ್ನೆ ದಿನ್ವೇ ಕಳುಸ್ತೀನಿ. ಮೊದ್ಲೇ ಬಾಯ್ಬುಟ್ಟು ಕೇಳಕ್ಕೇನಾಗಿತ್ತು? ನೀವು ಕರೀಲೇ ಇಲ್ಲ ಅಂತ ಇವ್ಳು ಮೊನ್ನೆಯಿಂದ ಸರ್ಯಾಗಿ ಉಂಡೇ ಇಲ್ಲ.'

ನಾಚಿಕೆಯಿಂದ ಕಿವಿ ಬಿಸಿಯಾಗಿ ಫೋನಿಟ್ಟೆ. ಹೆಂಡತಿ ನನಗಾಗಿ ಊಟ ಬಿಟ್ಟಿದ್ದಾಳೆಂದು ತಿಳಿದರೆ ಒಳ್ಳೆಯ ಗಂಡನಾದವನು ಮರುಗಬೇಕು. ನಾನು ಸಂತೋಷ ತಡೆಯಲಾರದೆ ನೇರ ಮೆಸ್ಸಿಗೆ ಹೋಗಿ, ಒಂದು ಮುದ್ದೆ ಹೆಚ್ಚಿಗೆ ಹಾಕಿಸಿಕೊಂಡು ಉಂಡು ಬಂದೆ.